ಐದು ಸುಣ್ಣದ ಕಲ್ಲು

ಗಂಡ ಹಕ್ಕಿ ಓಡಿಸಿ ಹೊಟ್ಟೆ ಹೊರೆಯುತ್ತಾನೆ, ಹೆಂಡತಿ ಹಕ್ಕಿ ನೋಡಿ ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ ಎಂದು ಅರುಣಕುಮಾರನ ಸಂಸಾರದ ಬಗ್ಗೆ ತಿಕೋಟಾದ ಜನ ನಗೆಯಾಡುತ್ತಿದ್ದರು. ಮಾತು ಸುಳ್ಳೇನಲ್ಲ. ತಿಕೋಟಾದ ಅವನ ಅಂಗಡಿಯಲ್ಲಿ ದ್ರಾಕ್ಷಿ ತೋಟಕ್ಕೆ ಬೇಕಾದ ತಂತಿ, ಪೈಪು, ಪಂಪು, ಔಷಧಿ ಎಲ್ಲ ಸಿಗುತ್ತಿದ್ದವು, ಆದರೆ ಅದು ಹೆಸರಾದದ್ದು ಬಲೆಗೆ. ಹಣ್ಣು ಸಿಹಿ ಹಿಡಿಯುವ ಹೊತ್ತಿಗೆ ಹಕ್ಕಿ ನುಗ್ಗದಂತೆ ತೋಟದ ಸುತ್ತ ಕಟ್ಟುವ ಬಲೆ. ಅವನ ಹೆಂಡತಿ ಅನುರಾಧಾ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕೊರಳಿನಿಂದ ತಾಳಿ ತೆಗೆದರೂ ದುರ್ಬೀನು ತೆಗೆಯದವಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಆದರೂ ಆ ಬಂಡಿ ಎಂದೂ ಮಗುಚಿ ಬೀಳಲಿಲ್ಲ. ಮಕ್ಕಳಾಗಲಿಲ್ಲ, ಆ ದುಃಖವೂ ಹಳೆಯದಾಗಿ, ಮನೆಯ ಸಾಮಾನುಗಳಲ್ಲಿ ಒಂದಾಗಿ ಮೂಲೆ ಸೇರಿತ್ತು.

ಮನೆ ಇದ್ದದ್ದು ವಿಜಯಪುರದಲ್ಲಿ, ಅಥಣಿ ರಸ್ತೆಯ ಒಂದು ಹೊಸ ಬಡಾವಣೆಯಲ್ಲಿ. ಎದುರಿಗೇ ಬಡಾವಣೆಯ ಉದ್ಯಾನ. ಉದ್ಯಾನ ಎಂದು ಫಲಕ ಹೇಳುತ್ತಿತ್ತು, ನಾವೂ ಹಾಗೆಯೇ ಅನ್ನೋಣ. ಎರಡು ಬೇವಿನ ಗಿಡ, ಒಂದು ಮುರುಕು ಜೋಕಾಲಿ, ಸೋರುವ ನಲ್ಲಿ, ದಾನ ಕೊಟ್ಟವರ ಹೆಸರೇ ಬೆನ್ನು ತುಂಬ ಹರಡಿಕೊಂಡ ಕೆಲವು ಕಲ್ಲು ಬೆಂಚು. ಉಳಿದದ್ದೆಲ್ಲ ಖಡಿ ಎನ್ನುವ ಜಲ್ಲಿಕಲ್ಲು ಮತ್ತು ಕಸ. ಬಡಾವಣೆಯವರಿಗೆ ಅದೊಂದು ನಾಚಿಕೆಯ ಜಾಗ. ಅನುರಾಧಾಳಿಗೆ ಮಾತ್ರ ಅಷ್ಟು ಜಾಗದಲ್ಲಿ ನೋಡಿ ಮುಗಿಯದಷ್ಟು ಇತ್ತು. ಬೆಳಗಿನ ಚಹಾ ಆದೊಡನೆ ಹೊರಟುಬಿಡುವಳು. ಬೇವಿನಲ್ಲಿ ಸೂರಕ್ಕಿ, ತಂತಿಯ ಮೇಲೆ ಕಳ್ಳಿಪೀರ, ಕಸದಲ್ಲಿ ಕೊಕ್ಕಿನಿಂದ ಕೆದಕುವ ಚಂದ್ರಮುಕುಟ.

“ಟೀಚರ್, ಯಾರ ಮನ್ಯಾಗ ಏನ ಅಡಗಿ ಅಂತ ನೋಡಾಕತ್ತೀರೇನು?” ಎಂದು ವಾಕಿಂಗಿಗೆ ಬಂದ ಹೆಂಗಸರು ಕೆಣಕಿದರೆ, “ಹೌದ್ರಿ, ಗುಬ್ಬಿ ಮನ್ಯಾಗ ಇವತ್ತ ಹುಳದ ಪಲ್ಯ” ಅನ್ನುವಳು.

ಎರಡು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಸೊಲ್ಲಾಪುರಕ್ಕೆ ಅಡ್ಡಾಡಿದ್ದೇ ಅಡ್ಡಾಡಿದ್ದು. ಈ ಬೇಸಗೆಯ ಆರಂಭದಲ್ಲಿ ಅಲ್ಲಿಯ ಡಾಕ್ಟರು ಅರುಣಕುಮಾರನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಆಗ ಅವನು ಆಗಲಿ ಸರ್ ಎಂದು ತಲೆಯಾಡಿಸಿ ಬಂದ. ಮಾತಿನ ಅರ್ಥ ತಲೆಗೆ ಇಳಿದದ್ದು ದಾರಿಯಲ್ಲಿ, ಝಳಕಿ ದಾಟಿದ ಮೇಲೆ. ಕಾರು ಬದಿಗೆ ನಿಲ್ಲಿಸಿ ಸ್ಟೇರಿಂಗು ಹಿಡಿದು ಕುಳಿತ. ಹಿಂದಿನ ಸೀಟಿನಲ್ಲಿ ಒರಗಿದ್ದ ಅನುರಾಧಾ ಏನಾಯಿತೆಂದು ಕೇಳಲಿಲ್ಲ. “ಅಲ್ಲಿ ನೋಡ್ರಿ, ತಂತಿ ಮ್ಯಾಲ ನೀಲಕಂಠ ಕುಂತೈತಿ” ಅಂದಳು. ಅವನು ಕಣ್ಣೊರೆಸಿಕೊಂಡು ನೀಲಕಂಠ ನೋಡಿದ. ಅವಳ ಸ್ವಭಾವವೇ ಹಾಗೆ, ಎದುರಿಗಿದ್ದವರ ಮುಖ ಬೀಳುವ ಮೊದಲೇ ಯಾವುದಾದರೊಂದು ಹಕ್ಕಿ ತೋರಿಸಿಬಿಡುವಳು.

ಅವಳ ಮಂಚವನ್ನು ಮಾಳಿಗೆಯ ಕೋಣೆಗೆ ಸಾಗಿಸಿದರು. ಕೋಣೆಗೆ ಹತ್ತಿದಂತೆ ತಾರಸಿ, ತಾರಸಿಯ ಕಟ್ಟೆಯಿಂದ ಇಡೀ ಉದ್ಯಾನ ಕಾಣುತ್ತಿತ್ತು. ಬೆಳಿಗ್ಗೆ ಅವನೇ ಅವಳನ್ನು ಕೈಹಿಡಿದು ತಂದು ಅಲ್ಲಿ ಕುರ್ಚಿಯಲ್ಲಿ ಕೂರಿಸುವನು.

ಮೇ ತಿಂಗಳ ಮೊದಲಿಗೆ ಒಂದು ಮುಂಜಾನೆ ಮೇಲಿನಿಂದ ಕೂಗು ಕೇಳಿತು. “ಏನ್ರೀ, ಮ್ಯಾಲ ಬರ್ರಿ. ಲಗೂನ ಬರ್ರಿ.” ನೋವು ಹೆಚ್ಚಾಯಿತೆಂದು ಅವನು ಮೆಟ್ಟಿಲು ಹಾರಿಕೊಂಡು ಓಡಿದ. ಅವಳು ನಗುತ್ತ ದುರ್ಬೀನು ಅವನ ಕೈಗಿಟ್ಟಳು.

“ಮುರುಕ ಜೋಕಾಲಿ ಐತಲ್ರಿ, ಅದರ ಬಲಕ. ಖಡಿ ನಡುವ ನೋಡ್ರಿ.”

ಖಡಿಯ ನಡುವೆ ಅವನಿಗೆ ಖಡಿಯೇ ಕಂಡಿತು. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಹಕ್ಕಿ ಎದ್ದು ನಿಂತಿತು. ಕಪ್ಪು ತಲೆ, ಕಣ್ಣಿನ ಮುಂದೆ ಕೆಂಪು ತೊಗಲು, ಉದ್ದನ್ನ ಹಳದಿ ಕಾಲು. ಹಗಲಿರುಳೆನ್ನದೆ ಟಿಟ್ಟಿಟ್ಟೀ ಎಂದು ಒದರಿ ಊರೆಬ್ಬಿಸುವ ಟಿಟ್ಟಿಭ.

“ತತ್ತಿ ಇಟ್ಟೈತ್ರಿ. ನಾಕು” ಅಂದಳು.

“ಇಷ್ಟು ದೊಡ್ಡ ಊರಾಗ ಇದಕ್ಕ ಬ್ಯಾರೆ ಜಾಗಾನ ಸಿಗಲಿಲ್ಲೇನು? ಎಲ್ಲಾರೂ ತುಳದಾಡೋ ನೆಲದ ಮ್ಯಾಲ?”

“ಗಿಡದ ಮ್ಯಾಲ ಕುಂಡ್ರಾಕ ಅದಕ್ಕ ಬರೂದಿಲ್ರಿ. ಕಾಲ ಬೆರಳು ಟೊಂಗಿ ಹಿಡಿಯೋ ಅಂಥವಲ್ಲ. ಅದಕ್ಕ ಐತಿ ಇದೊಂದ ಮನಿ.” ಅವಳ ಮುಖದಲ್ಲಿ ಎಷ್ಟೋ ತಿಂಗಳಿನಿಂದ ಕಾಣದ ಗೆಲುವು ಇತ್ತು. “ಬಿಸಿಲು ಹೆಚ್ಚಾತಂದ್ರ ನಲ್ಲಿ ಹಂತೇಕ ಹೋಗಿ ಎದಿ ಪುಕ್ಕ ತೋಯಿಸಿಕೊಂಡು ಬಂದು ತತ್ತಿ ತಂಪ ಮಾಡ್ತಾವು, ನೋಡತಿರ್ರಿ. ಗಂಡು ಹೆಣ್ಣು ಪಾಳಿ ಹಚ್ಚಿ.”

ಆಮೇಲೆ ದನಿ ತಗ್ಗಿಸಿ ಹೇಳಿದಳು. “ಇಷ್ಟ ವರ್ಷ ಹಕ್ಕಿ ನೋಡೇನಿ, ಇದರ ಮರಿ ತತ್ತಿ ಒಡಕೊಂಡು ಬರೂದು ಒಮ್ಮೆನೂ ಕಂಡಿಲ್ರಿ. ಹುಟ್ಟಿದ ದಿನಾನ ಎದ್ದು ಓಡಿ ಹೋಗ್ತಾವು. ನಾ ಹೋಗಿ ನೋಡೂದ್ರಾಗ ಬರೇ ಖಡಿ. ಅದೊಂದು ನೋಡಬೇಕ್ರಿ. ಅದನ್ನ ನೋಡಿ...” ಅಂದು ನಿಲ್ಲಿಸಿದಳು. ಮುಂದಿನ ಮಾತು ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಅದನ್ನು ಆಡಲಿಲ್ಲ.

ಅಂದಿನಿಂದ ಅರುಣಕುಮಾರನಿಗೆ ಬೇರೆ ಚಿಂತೆಯೇ ಉಳಿಯಲಿಲ್ಲ. ಆ ನಾಲ್ಕು ತತ್ತಿ ಒಡೆಯಬೇಕು, ಅನುರಾಧಾ ನೋಡಬೇಕು. ಬಲೆ ಮಾರುವವನು ತತ್ತಿ ಕಾಯಲು ನಿಂತ. ಅಂಗಡಿಯಿಂದ ಮಧ್ಯಾಹ್ನ ಫೋನು ಮಾಡಿ, ಊಟ ಆಯಿತೇ ಎಂದು ಕೇಳುವ ಮೊದಲು, ಹಕ್ಕಿ ಕುಂತೈತೇನು ಎಂದು ಕೇಳುವನು. ಗುಳಿಗೆ ಕೂಡ ಬೇಡವೆನ್ನುತ್ತಿದ್ದವಳು ಆ ಹಕ್ಕಿ ನೋಡುವ ಆಸೆಗೆ ಎದ್ದು ಕುಳಿತು ಎರಡು ಗುಟುಕು ಗಂಜಿ ಕುಡಿಯುವಳು.

ತತ್ತಿಯ ಸುದ್ದಿ ಇಬ್ಬರ ನಡುವೆಯೇ ಉಳಿಯಿತು. ಕಾರಣ ಅವನ ತಾಯಿ ಅಕ್ಕನಾಗಮ್ಮ. ಬ್ಯಾನಿ ಬಿದ್ದವರ ಮನೆಯ ಮುಂದೆ ಟಿಟ್ಟಿಭ ಒದರಬಾರದು ಎನ್ನುವುದು ಅವಳ ನಂಬಿಕೆ. ಹಕ್ಕಿ ಒದರಿದಾಗಲೆಲ್ಲ ಬಾಗಿಲಿಗೆ ಬಂದು, “ಹೋಗ, ಹೋಗ ನಿನ್ನ ದನಿ ಸುಡ್ಲಿ” ಎಂದು ಕೈಬೀಸುವಳು. ಅಲ್ಲೇ ಸಂಸಾರ ಹೂಡಿದೆ ಎಂದು ತಿಳಿದರೆ ಕೋಲು ಹಿಡಿದು ಹೋಗುವವಳೇ.

ಅತ್ತೆ ಸೊಸೆ ಮೊದಮೊದಲು ಉಪ್ಪಿಗೂ ಜಗಳಾಡಿದವರು, ಖಾರಕ್ಕೂ ಜಗಳಾಡಿದವರು. ಜಗಳಾಡುತ್ತಲೇ ಒಬ್ಬರಿಲ್ಲದೆ ಒಬ್ಬರಿಗೆ ಊಟ ಸೇರದಂತಾಯಿತು. ಸೊಸೆಗೆ ಬ್ಯಾನಿ ಎಂದು ಗೊತ್ತಾದ ದಿನದಿಂದ ಮುದುಕಿ ಸಿಹಿ ಬಿಟ್ಟಳು. ತೊರವಿಯ ಗುಡಿಗೆ ಬರಿಗಾಲಲ್ಲಿ ನಡೆದು ಹೋಗಿ ಬಂದಳು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮೂಗು ಬಾಯಿ ಕಲಸಿ ಕಾಣುತ್ತಿದ್ದರೂ, “ಅನುಗ ಆರಾಮಾಗ್ಲಿ, ಆಮ್ಯಾಲ ನನ್ನ ಕಣ್ಣು” ಎಂದು ಆಪರೇಷನ್ ಮುಂದೂಡಿದಳು. ಕೊರಳಲ್ಲಿ ಲಿಂಗ ಕಟ್ಟಿದ್ದರೂ ಸೊಸೆಯ ಸಲುವಾಗಿ ಅವಳು ಬೇಡದ ದೇವರಿಲ್ಲ.

ಮೇ ಮುಗಿಯುತ್ತ ಬಂದಾಗ ಬಡಾವಣೆಯ ಸಂಘದವರಿಗೆ ಒಮ್ಮೆಲೇ ಉದ್ಯಾನದ ನೆನಪಾಯಿತು. ಮಳೆಗಿಂತ ಮೊದಲು ಟ್ರ್ಯಾಕ್ಟರ್ ಹಚ್ಚಿ ಕಸವೆಲ್ಲ ಬಳಿಸಿಬಿಡಬೇಕೆಂದು ಠರಾವು ಆಯಿತು. ಅರುಣಕುಮಾರ ಹೋಗಿ ಹಕ್ಕಿಯ ವಿಷಯ ಹೇಳಿದರೆ ಒಬ್ಬರು ನಕ್ಕರು, ಇನ್ನೊಬ್ಬರು ಟ್ರ್ಯಾಕ್ಟರಿನವನಿಗೆ ಗುರುತು ಮಾಡಿ ತೋರಿಸಿಬಿಡಿ, ಅಷ್ಟು ಬಿಟ್ಟು ಬಳಿಯುತ್ತಾನೆ ಅಂದರು. ಒಳ್ಳೆಯ ಮಾತೇ.

ಅಂದು ಸಂಜೆ ಅವನು ಅಂಗಡಿಯಿಂದ ಒಂದಿಷ್ಟು ಸುಣ್ಣ ತಂದ. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮುಂದಿನಿಂದ ತೆಂಗಿನಕಾಯಿ ಗಾತ್ರದ ಕಲ್ಲು ಆರಿಸಿದ. ಉದ್ಯಾನದ ಗೇಟಿನ ಬಳಿ ಕುಳಿತು ಒಂದೊಂದೇ ಕಲ್ಲಿಗೆ ಸುಣ್ಣ ಬಳಿದು ಒಣಗಿಸಿ, ತತ್ತಿಯ ಹತ್ತಿರ ಒಯ್ದು ಇಟ್ಟ. ಟಿಟ್ಟಿಭಗಳೆರಡೂ ಅವನ ತಲೆ ಕುಕ್ಕುವಂತೆ ಎರಗಿ ಎರಗಿ ಬಂದವು. ಅವನು ಒಂದು ಕೈಯಿಂದ ತಲೆ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು ಓಡಾಡುವುದನ್ನು ನೋಡಿ ತಾರಸಿಯ ಮೇಲೆ ಅನುರಾಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಅವಳಿಗೆ ನೋಯುತ್ತಿತ್ತು, ಆದರೂ ನಕ್ಕಳು. ಆ ನಗುವಿಗೆ ಅವನು ಇನ್ನೊಂದು ಸಲ ಬೇಕಾದರೂ ಕುಕ್ಕಿಸಿಕೊಳ್ಳುತ್ತಿದ್ದ.

ಮರುದಿನ ಟ್ರ್ಯಾಕ್ಟರ್ ತಂದವನು ಇಟ್ಟಂಗಿಹಾಳದ ಭಾಗಪ್ಪ. ಅರುಣಕುಮಾರ ಗೇಟಿನಲ್ಲಿ ನಿಂತು, “ಆ ಬಿಳೀ ಕಲ್ಲು ಕಾಣ್ತಾವಲ್ಲ, ಅತ್ಲಾಗ ಹೋಗಬ್ಯಾಡಪ” ಅಂದ. ಭಾಗಪ್ಪ ಕಲ್ಲುಗಳ ಕಡೆ ನೋಡಿ, “ಛೇ, ಛೇ, ಹೋಗತೇನೇನ್ರಿ” ಅಂದ. ಟ್ರ್ಯಾಕ್ಟರಿನಿಂದ ಇಳಿದು, ಚಪ್ಪಲಿ ಕಳಚಿ, ಕೈ ಹಣೆಗೆ ಮುಟ್ಟಿಸಿ ಮತ್ತೆ ಹತ್ತಿದ. ಅರುಣಕುಮಾರ ತನಗೇ ನಮಸ್ಕಾರ ಮಾಡಿದನೆಂದು ತಾನೂ ಕೈಯೆತ್ತಿದ. ಎರಡು ದಿನ ಬಿಟ್ಟು ಒಂದು ಕಲ್ಲಿನ ಮೇಲೆ ಬಾಡಿದ ಚೆಂಡುಹೂ ಕಂಡಿತು. ಮಕ್ಕಳ ಆಟವೆಂದುಕೊಂಡ. ಕಣ್ಣು ಇದ್ದವನೂ ಕೆಲವು ಸಲ ಕುರುಡನೇ.

ಕಸ ಹೋಗಿ ಬಯಲಾದ ಮೇಲೆ ತಾರಸಿಯಿಂದ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. “ಇವತ್ತ ನಾಳೆ ಒಡೀತಾವ್ರಿ” ಅಂದಳು ಅನುರಾಧಾ. “ಹಕ್ಕಿ ಏಳವಲ್ದು, ಮೈ ಅಳ್ಳಾಡಸಾಕತ್ತೈತಿ. ಕೆಳಗ ಮರಿ ಕುಟುಕುತ್ತಿರಬೇಕು.”

ಅದರ ಮರುದಿನ ಬಾದಾಮಿ ಅಮಾವಾಸ್ಯೆ. ನಸುಕಿನಲ್ಲೇ ಅವಳಿಗೆ ತವರಿನ ಮಜ್ಜಿಗೆ ಕುಡಿಯಬೇಕೆನಿಸಿತು. ತವರು ಬಬಲೇಶ್ವರ. ಬೇರೇನೂ ಗಂಟಲಲ್ಲಿ ಇಳಿಯದವಳು ಬಾಯಿಬಿಟ್ಟು ಕೇಳಿದ್ದೇ ದೊಡ್ಡದೆಂದು ಅರುಣಕುಮಾರ ಆಗಲೇ ಸ್ಕೂಟರ್ ಹತ್ತಿದ. ಹೊರಡುವ ಮೊದಲು ಅವಳನ್ನು ತಾರಸಿಯ ಕುರ್ಚಿಯಲ್ಲಿ ಕೂರಿಸಿ, ಮೈಗೆ ದುಪ್ಪಟಿ ಹೊದಿಸಿ, ದುರ್ಬೀನು ಕೈಗೆ ಕೊಟ್ಟ.

“ನಾ ಬರೂದ್ರಾಗ ಒಡದ್ರ ನೋಡಿ ಇಟ್ಟಿರು. ನಂಗೂ ಹೇಳು.”

“ಹೂಂ, ಮರಿಗೆ ಹೇಳ್ತೇನಿ, ನಿಮ್ಮ ಕಾಕಾ ಬರೂ ತನಕ ಓಡಬ್ಯಾಡ್ರಿ ಅಂತ.”

ಬಬಲೇಶ್ವರದಲ್ಲಿ ಅವಳ ತಾಯಿ ದುಂಡವ್ವ ಕಡಗೋಲು ಹಿಡಿದು ಕಾಯುತ್ತಿದ್ದಳು. ಡಬ್ಬಿ ತುಂಬ ಮಜ್ಜಿಗೆ ಹಾಕಿ, ಮೇಲೆ ಒಂದು ಮುಷ್ಟಿ ಬೆಣ್ಣೆ ತೇಲಿಬಿಟ್ಟು, ಅಳಿಯನ ಕೈಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಡಬ್ಬಿಯನ್ನು ಎರಡು ಕಾಲ ನಡುವೆ ಇಟ್ಟುಕೊಂಡು, ತುಳುಕದಂತೆ ನಿಧಾನವಾಗಿ ಓಡಿಸಿಕೊಂಡು ಬಂದ. ಅಷ್ಟು ನಿಧಾನ ಮಾಡಬಾರದಿತ್ತು ಎಂದು ಆಮೇಲೆ ಅನಿಸಿತು. ಬೇಗ ಬಂದಿದ್ದರೂ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ಬಡಾವಣೆಯ ತಿರುವಿನಲ್ಲೇ ಟಿಟ್ಟಿಭಗಳ ಕೂಗು ಕೇಳಿತು. ಎಂದಿನ ಕೂಗಲ್ಲ, ಎಡೆಬಿಡದ ಒಂದೇ ರಾಗ. ಎರಡೂ ಹಕ್ಕಿ ಉದ್ಯಾನದ ಮೇಲೆ ಸುತ್ತು ಹಾಕುತ್ತಿದ್ದವು. ಕೆಳಗೆ ಕಾಗೆಗಳ ಹಿಂಡು. ಒಂದು ಬೀದಿನಾಯಿ ಮುಖ ನೆಲಕ್ಕೆ ಹಚ್ಚಿ ಏನನ್ನೋ ನೆಕ್ಕುತ್ತಿತ್ತು. ಅವನು ಸ್ಕೂಟರ್ ಅಲ್ಲೇ ಕೆಡವಿ ಓಡಿದ. ಮಜ್ಜಿಗೆಯ ಡಬ್ಬಿ ಮಾತ್ರ ಕೈಯಲ್ಲೇ ಇತ್ತು.

ಕಲ್ಲುಗಳಿಗೆ ಅರಿಸಿನ, ಕುಂಕುಮ, ವಿಭೂತಿ. ಮುಂದೆ ಒಡೆದ ತೆಂಗಿನಕಾಯಿಯ ನೀರು ಹರಿದು ಖಡಿ ತೊಯ್ದಿತ್ತು. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಸುತ್ತಲೂ ಸಜ್ಜೆಯ ಕಡುಬು, ಮೊಸರನ್ನದ ಅಗುಳು ಚೆಲ್ಲಾಡಿದ್ದವು, ಕಾಗೆಗಳು ಇಳಿದದ್ದು ಅದಕ್ಕೇ. ತತ್ತಿ ಇದ್ದ ಕುಣಿಯಲ್ಲಿ ಒಂದು ಚೂರು ಚಿಪ್ಪು ಇತ್ತು, ಅದಕ್ಕೆ ಒದ್ದೆ ಪುಕ್ಕದ ಎಳೆಯೊಂದು ಅಂಟಿಕೊಂಡಿತ್ತು. ಮರಿ ಒಳಗಿನಿಂದ ಕುಟುಕಿದ್ದವು, ಬರಲು ಇನ್ನೊಂದು ಜಾವ ಸಾಕಿತ್ತು.

ಅರುಣಕುಮಾರ ಕಲ್ಲು ಎಣಿಸಿದ. ಐದು.

ಆಗ ಅವನಿಗೆ ಎಲ್ಲ ತಿಳಿಯಿತು. ಸಣ್ಣವನಿದ್ದಾಗ ತಿಕೋಟಾದ ಹೊಲದಲ್ಲಿ ಎಳ್ಳ ಅಮಾವಾಸ್ಯೆಗೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿಯುವುದು ಅವನದೇ ಕೆಲಸ. ಅವರೇ ಪಾಂಡವರು, ಹೊಲ ಕಾಯುವವರು. ಅವ್ವ ಅವರಿಗೆ ಪೂಜೆ ಮಾಡಿ, ಎಡೆ ಹಿಡಿದು, ಹೊಲದ ತುಂಬ ಚರಗ ಚೆಲ್ಲುವಳು; ಭೂಮಿತಾಯಿಗಿಷ್ಟು, ಹಕ್ಕಿಪಕ್ಕಿಗಿಷ್ಟು ಎಂದು ಕಡುಬು ಅನ್ನ ಎರಚುವಳು. ಆ ಸಂಜೆ ಇವನು ಗುರುತಿಗೆಂದು ಕಲ್ಲು ಆರಿಸುವಾಗ ಮನಸ್ಸು ತತ್ತಿಯ ಮೇಲಿತ್ತು, ಎಣಿಸಿದ್ದು ಕೈ. ಸುಣ್ಣ ಹಚ್ಚುವ ಕೈಗೆ ಐದೇ ಗೊತ್ತಿತ್ತು. ನಾಲ್ಕಿಟ್ಟಿದ್ದರೆ ಆಗುತ್ತಿತ್ತು, ಆರಿಟ್ಟಿದ್ದರೂ ಆಗುತ್ತಿತ್ತು.

ಅಕ್ಕನಾಗಮ್ಮ ಮನೆಯ ಮೆಟ್ಟಿಲ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಮಡಿ ಸೀರೆಯುಟ್ಟಿದ್ದಳು. ಮಗನನ್ನು ಕಂಡದ್ದೇ ಅವಳ ಮುಖ ಅರಳಿತು.

“ಬಂದೇನಪಾ. ಪಾಂಡವರು ಬಂದಾರೋ ನಮ್ಮ ಬಾಗಲಕ. ಟ್ರ್ಯಾಕ್ಟರಿನಾಂವ ಕಸ ಬಳದ ದಿನಾನ ಕಂಡ್ನಿ, ಬೆಳ್ಳಗ ಹೊಳ್ಯಾಕತ್ತಿದ್ರು. ಎರಡೆತ್ತಿನ ಹೊಲಾ ಬಿಟ್ಟು ಊರಾಗ ಬಂದು ಕುಂತೇವಂತ ಅವರಾಗೇ ಹುಡಿಕ್ಕೊಂಡು ಬಂದಾರ. ಯಾರಿಗೂ ಹೇಳಬಾರದಂತ ಅಮಾಸಿ ತನಕ ಬಾಯಿ ಕಟಗೊಂಡಿದ್ನಿ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಡಿ ಹಿಡದು ಬೇಡಕೊಂಡೇನಿ. ಆ ಸುಡಗಾಡ ಹಕ್ಕಿ ನನ್ನ ಮ್ಯಾಲ ಹರದು ಬೀಳಾಕತ್ತಿತ್ತು, ನಾ ಬಿಡಲಿಲ್ಲ. ಚರಗಾ ಚೆಲ್ಲೇ ಬಂದೇನಿ. ಇನ್ನ ಅನುಗ ಏನೂ ಆಗೂದಿಲ್ಲ ನೋಡು.”

ಅವನ ಬಾಯಿಗೆ ಏನೇನೋ ಬಂತು. ಏನ ಮಾಡಿದಿ ಬೇ, ಎಂಥಾ ಕೆಲಸ ಮಾಡಿದಿ ಎಂದು ಕೂಗಬೇಕೆನಿಸಿತು. ಆ ಕಲ್ಲು ಇಟ್ಟವನು ದೇವರಲ್ಲ, ನಾನು ಎನ್ನಬೇಕೆನಿಸಿತು. ಪೊರೆಗಣ್ಣಿನ ಆ ಮುಖದಲ್ಲಿ ಅಷ್ಟು ಧೈರ್ಯ ತುಂಬಿತ್ತು. ಅದನ್ನು ಕಸಿದುಕೊಳ್ಳಲು ಅವನಿಂದ ಆಗಲಿಲ್ಲ. “ಛಲೋ ಮಾಡಿದಿ ಬೇ” ಎಂದು ಒಳಗೆ ಹೋದ.

ಮಜ್ಜಿಗೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತತೊಡಗಿದ. ಅನುರಾಧಾಳಿಗೆ ಏನು ಹೇಳುವುದು? ಅವಳು ಮಲಗಿದ್ದರೆ, ನಿದ್ದೆ ಹತ್ತಿದ್ದರೆ, ಏನನ್ನೂ ನೋಡಿರದಿದ್ದರೆ ಎಂದು ಪ್ರತಿ ಮೆಟ್ಟಿಲಿಗೂ ಬೇಡಿಕೊಂಡ. ಅರ್ಧ ಮೆಟ್ಟಿಲಲ್ಲಿ ಅವನಿಗೊಂದು ಹೊಳೆಯಿತು. ಮರಿ ಒಡೆದು ಓಡಿ ಹೋದರೂ ಕುಣಿ ಖಾಲಿಯೇ, ಕಾಗೆ ತಿಂದು ಹೋದರೂ ಖಾಲಿಯೇ. ಮೇಲಿನಿಂದ ನೋಡಿದವರಿಗೆ ಯಾವ ಫರಕೂ ಇಲ್ಲ.

ಅವಳು ಕೋಣೆಯೊಳಗೆ ಮಂಚದ ಮೇಲೆ ಮಲಗಿದ್ದಳು. ಕಣ್ಣು ಮುಚ್ಚಿತ್ತು. ದುರ್ಬೀನು ಎದೆಯ ಮೇಲಿತ್ತು. ಅವನಿಗೆ ಉಸಿರು ಬಂತು. ಮಜ್ಜಿಗೆಯನ್ನು ಬಟ್ಟಲಿಗೆ ಸುರಿದು, ಪಕ್ಕದಲ್ಲಿ ಕುಳಿತು, ಅವಳು ಕಣ್ಣು ಬಿಟ್ಟಾಗ ಹೇಳಿದ.

“ಅನು, ತತ್ತಿ ಒಡದಾವ. ಮರಿ ಆದ್ವು. ಈಗಷ್ಟ ನೋಡಿ ಬಂದ್ನಿ.”

“ಹೌದ್ರಿ? ಎಷ್ಟು?”

“ನಾಕೂ.”

“ಹ್ಯಾಂಗ ಅದಾವ್ರಿ?”

“ಸಣ್ಣಾವು. ಬೆಳ್ಳಗ... ಅಲ್ಲ, ಖಡಿ ಬಣ್ಣ. ಅವ್ವನ ಬೆನ್ನ ಹತ್ತಿ ಆ ಕಂಪೌಂಡ್ ಕಡೆ ಓಡಿ ಹೋದ್ವು” ಎಂದು ಅವನು ಬೆರಳು ಮಾಡಿ ತೋರಿಸಿದ. ಬೆರಳು ಕಿಟಕಿಯ ಕಡೆ ಇರಲಿಲ್ಲ, ಗೋಡೆಯ ಕಡೆ ಇತ್ತು.

ಅವಳು ಅವನ ಬೆರಳು ನೋಡಿದಳು, ಮುಖ ನೋಡಿದಳು. ಮಜ್ಜಿಗೆಯ ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು.

“ನಿಮಗ ಸುಳ್ಳ ಹೇಳಾಕ ಬರೂದಿಲ್ರಿ. ಅದಕ್ಕ ನಿಮ್ಮ ಬಲೆ ವ್ಯಾಪಾರಾನೂ ತಿಕೋಟಾ ದಾಟಲಿಲ್ಲ.”

ಅವಳು ಬಟ್ಟಲನ್ನು ಪಕ್ಕಕ್ಕಿಟ್ಟಳು.

“ನಾ ಎಲ್ಲಾ ನೋಡೇನಿ. ಅತ್ತಿ ಬುಟ್ಟಿ ಹೊತ್ತು ಗೇಟ ದಾಟಿದಾಗ ಯಾಕ ಅಂತ ತಿಳೀಲಿಲ್ಲ. ಕಲ್ಲಿಗೆ ನೀರು ಹಾಕಿದಾಗ ತಿಳೀತು.”

“ಕೂಗಬೇಕಿಲ್ಲೇನ ಅನು? ಇಲ್ಲಿಂದ ಒಂದ ಮಾತು ಕೂಗಿದ್ರ ಅವ್ವ ನಿಲ್ತಿದ್ಲು.”

“ಕೂಗಾಕ ಎದ್ದ ನಿಂತಿದ್ನಿ. ಕಟ್ಟಿ ಹಿಡಕೊಂಡು ಬಾಯೂ ತಗದಿದ್ನಿ.” ಅವಳು ಸ್ವಲ್ಪ ಸುಧಾರಿಸಿಕೊಂಡಳು. “ದುರ್ಬೀನದಾಗ ಅತ್ತಿ ಮಾರಿ ಕಂಡಿತ್ರಿ. ಖಡಿ ಮ್ಯಾಲ ಮೊಣಕಾಲೂರಿ ಸೆರಗೊಡ್ಡಿ ಬೇಡಾಕತ್ತಿದ್ರು. ಹಕ್ಕಿ ನೆತ್ತಿ ಕುಕ್ಕಿದ್ರೂ ಸೆರಗ ಬಿಡಲಿಲ್ಲ. ಯಾರ ಸಲುವಾಗಿ ಅಂತ ನಂಗ ಗೊತ್ತಿತ್ತು. ಹ್ಯಾಂಗ ಕೂಗ್ಲಿ?”

ಅರುಣಕುಮಾರನಿಗೆ ಅಳು ತಡೆಯಲಾಗಲಿಲ್ಲ. ಐವತ್ತು ದಾಟಿದ ಗಂಡಸು, ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಅತ್ತ. “ನಂದ ತಪ್ಪ ಅನು, ನಾನ ಐದ ಇಟ್ನಿ” ಅಂದ. ಅವಳು ಅವನ ಕೂದಲಲ್ಲಿ ಬೆರಳಾಡಿಸಿದಳು. ಈ ಸಲ ತೋರಿಸಲು ಅವಳ ಬಳಿ ಹಕ್ಕಿ ಇರಲಿಲ್ಲ.

“ಅತ್ತಿಗೆ ಮಾತ್ರ ಇದು ಗೊತ್ತಾಗಬಾರ್ದ್ರಿ” ಅಂದಳು. “ತನ್ನ ಕೈಲೇ ಹಿಂಗಾತಂತ ತಿಳದ್ರ ಆ ಜೀವಾ ಉಳಿಯೂದಿಲ್ಲ. ನನಗ ಹೇಳಿದ ಸುಳ್ಳ ಅವರಿಗೆ ಹೇಳ್ರಿ. ಆದ್ರ ಸ್ವಲ್ಪ ಛಂದಂಗ ಹೇಳ್ರಿ.”

ಅಷ್ಟರಲ್ಲಿ ಅಕ್ಕನಾಗಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅಂಗೈಯಲ್ಲಿ ಕೊಬ್ಬರಿಯ ಒಂದು ಚೂರು, ಒಂದು ಚಿಟಿಕೆ ವಿಭೂತಿ. ವಿಭೂತಿಯನ್ನು ಸೊಸೆಯ ಹಣೆಗೆ ಹಚ್ಚಿ, ಕೊಬ್ಬರಿಯನ್ನು ತುಟಿಗೆ ಹಿಡಿದಳು. “ಒಂದ ಚೂರ ಬಾಯಾಗ ಹಾಕ್ಕೋ ನನ್ನವ್ವ. ನುಂಗಾಕ ಆಗಲಿಲ್ಲಂದ್ರ ಉಗುಳು. ದೇವರು ಬೈಯೂದಿಲ್ಲ.”

ಗಂಜಿಯನ್ನೂ ನುಂಗಲಾರದ ಅನುರಾಧಾ ಆ ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಬಹಳ ಹೊತ್ತು ಅಗಿದಳು. ಕಣ್ಣಲ್ಲಿ ನೀರು ಬರುವವರೆಗೆ ಕಷ್ಟಪಟ್ಟು ನುಂಗಿ, ನಕ್ಕಳು.

“ಅತ್ತೀ, ನಿಮಗೊಂದ ಹೇಳಬೇಕು. ಆ ಕಲ್ಲಿನ ನಡುವ ಟಿಟ್ಟಿಭ ತತ್ತಿ ಇಟ್ಟಿತ್ತು. ನಿಮಗ ಕಂಡಿರಲಿಕ್ಕಿಲ್ಲ. ನೀವು ಪೂಜಿ ಮಾಡಿ ಎದ್ದ ಬಂದ್ರಿ, ಹಿಂದಾಗಡೆ ಒಡದ್ವು. ನಾಕೂ ಮರಿ ಓಡಿ ಹೋದ್ವು. ನಾ ಇಲ್ಲಿಂದ ಕಣ್ಣಾರೆ ನೋಡ್ನಿ.”

ಮುದುಕಿ ಬೆರಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ತತ್ತಿ ಇತ್ತ? ಅದಕ್ಕ ಅದು ಒದರಾಕತ್ತಿತ್ತು. ನಾ ಬೈದ್ನೆಲ್ಲ ಅದಕ್ಕ.” ಸೊಸೆಯ ಪಾದವನ್ನು ಹೊದಿಕೆಯ ಮೇಲಿನಿಂದಲೇ ಸವರಿದಳು. “ಛಲೋ ಆತು ಬಿಡು. ಅದರದು ಛಲೋ ಆತಂದ್ರ ನಿಂದೂ ಆಗತೈತಿ.”

ಜೂನಿನಲ್ಲಿ ಮಿರಗದ ಮೊದಲ ಮಳೆ ಬಿದ್ದ ದಿನ ಅನುರಾಧಾ ಹೋದಳು. ಹೆಚ್ಚು ಒದ್ದಾಡಲಿಲ್ಲ. ತಿಕೋಟಾದ ಹೊಲದಲ್ಲಿ ಮಣ್ಣು ಮಾಡಿದರು. ಹೈಸ್ಕೂಲಿನ ಮಕ್ಕಳು ಸಾಲಾಗಿ ಬಂದು ಮುಷ್ಟಿ ಮಣ್ಣು ಹಾಕಿ ಹೋದರು. ಅಕ್ಕನಾಗಮ್ಮ ಅಂದು ಅಳಲಿಲ್ಲ. ಸೊಸೆಯ ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು, ಅದನ್ನು ಯಾರ ಕೈಗೂ ಕೊಡಲಿಲ್ಲ.

ಅರುಣಕುಮಾರನಿಗೆ ಒಂದು ಭಯವಿತ್ತು. ಅವ್ವ ಇನ್ನು ಆ ಕಲ್ಲುಗಳಿಗೆ ಶಾಪ ಹಾಕುತ್ತಾಳೆ, ಎತ್ತಿ ರಸ್ತೆಗೆ ಎಸೆಯುತ್ತಾಳೆ ಎಂದುಕೊಂಡಿದ್ದ. ಒಮ್ಮೊಮ್ಮೆ ಹಾಗೆ ಮಾಡಲಿ ಎಂದೂ ಅನಿಸುತ್ತಿತ್ತು. ತಾನೇ ತೆಗೆದು ಹಾಕೋಣವೆಂದು ಎರಡು ಸಲ ಉದ್ಯಾನದವರೆಗೆ ಹೋಗಿ, ಮುಟ್ಟಲಾರದೆ ತಿರುಗಿ ಬಂದಿದ್ದ. ಯಾರೋ ಅವಕ್ಕೆ ಹೂವು ಏರಿಸಿದ್ದರು. ಊದಿನಕಡ್ಡಿಯ ಬೂದಿಯೂ ಇತ್ತು.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅಕ್ಕನಾಗಮ್ಮ ಬೆಳಿಗ್ಗೆಯೇ ತಟ್ಟೆಯಲ್ಲಿ ಕುಂಕುಮ, ನೀರಿನ ತಂಬಿಗೆ ಹಿಡಿದು ಗೇಟು ದಾಟಿದಳು. ಅವನು ಹಿಂದೆಯೇ ಹೋದ. ಮಳೆಯಿಂದ ಉದ್ಯಾನದಲ್ಲಿ ಎಳೆ ಹುಲ್ಲು ಬಂದಿತ್ತು. ಕಲ್ಲುಗಳ ಸುಣ್ಣ ತೊಳೆದು ಹೋಗಿ ಅಲ್ಲಲ್ಲಿ ಕಪ್ಪು ಕಾಣುತ್ತಿತ್ತು. ಅವಳು ಕಷ್ಟಪಟ್ಟು ಕುಳಿತು ಒಂದೊಂದನ್ನೇ ತಡವಿ ನೋಡಿ ತೊಳೆಯತೊಡಗಿದಳು.

ಅವನಿಗೆ ತಡೆಯಲಾಗಲಿಲ್ಲ. “ಇನ್ನೂ ಯಾಕ ಬೇ ಇದು? ಏನ ಕೊಟ್ರು ಇವರು ನಿನಗ?”

ಅಕ್ಕನಾಗಮ್ಮ ಕೈ ನಿಲ್ಲಿಸಲಿಲ್ಲ. “ನಂದು ಕೇಳಲಿಲ್ಲ. ಸಿಟ್ಟು ಐತಿ ನಂಗ ಇವರ ಮ್ಯಾಲ. ಅದು ಸಾಯೂ ತನಕ ಹೋಗೂದಿಲ್ಲ.” ಕುಂಕುಮದಲ್ಲಿ ಬೆರಳು ಅದ್ದಿದಳು. “ಆದ್ರ ಆ ಹಕ್ಕಿದು ಕೇಳ್ಯಾರಲ್ಲೋ ಯಪ್ಪಾ. ಅದೂ ಸಂಕಟದಾಗ ಇತ್ತು, ಅದೂ ಬೇಡಕೊಂಡಿತ್ತು. ನಾಕು ಜೀವಾ ಉಳಿಸ್ಯಾರ. ನನ್ನ ಒಂದು ಹೋತಂತ ಆ ನಾಕು ಸುಳ್ಳ ಆಗ್ತಾವೇನು? ಅನು ಕಣ್ಣಾರೆ ನೋಡ್ಯಾಳ.”

ಮುದುಕಿ ಪೊರೆಗಣ್ಣನ್ನು ಅವನ ಕಡೆ ಎತ್ತಿದಳು.

“ನೀನೂ ನೋಡಿದೆಲ್ಲ? ಆವತ್ತ ನೀನೂ ಇಲ್ಲೇ ಬಂದಿದ್ದೆಲ್ಲ?”

ಅರುಣಕುಮಾರ ತಾಯಿಯ ಪಕ್ಕದಲ್ಲಿ ಒದ್ದೆ ಹುಲ್ಲಿನ ಮೇಲೆ ಕುಳಿತು, ಅವಳ ಬೆರಳು ಹಿಡಿದು ಕೊನೆಯ ಕಲ್ಲಿನ ಮೇಲೆ ಇಟ್ಟ.

“ಹೂಂ ಬೇ, ನೋಡೇನಿ. ಹತ್ತಿ ಉಂಡಿ ಅಷ್ಟು ಇದ್ವು, ಬೆನ್ನ ಮ್ಯಾಲ ಖಡಿಯಂಥ ಚುಕ್ಕಿ. ಅವ್ವ ಮುಂದ, ಅಪ್ಪ ಹಿಂದ. ಕಡೇದು ಒಂದು ಎಡವಿ ಬಿತ್ತು. ಅಪ್ಪ ತಿರುಗಿ ಬಂದು ನಿಂತ ಮ್ಯಾಲ ಎದ್ದು, ಅದೂ ಓಡಿ ಹೋತು.”

“ಅನು ನಕ್ಕಿರಬೇಕು” ಅಂದಳು ಮುದುಕಿ.

“ನಕ್ಳು ಬೇ” ಅಂದ ಅವನು.